ವಲಸೆ ಕಾರ್ಮಿಕರ ಸಾಮಾಜಿಕ ಹಕ್ಕುಗಳು: ಅಮ್ಮತ್ತಿಯ ಕಾಫಿ ತೋಟ ಮತ್ತು ಯುರೋಪಿನ ಕಲ್ಲಿದ್ದಲ ಗಣಿ

ದುಡಿಮೆಗಾಗಿ ಊರು ಬಿಟ್ಟು ಹೋದವರ ಸಾಮಾಜಿಕ ಹಕ್ಕುಗಳ ಚರಿತ್ರೆಯಲ್ಲಿ 1951ನೆಯ ಇಸವಿಗೆ ವಿಶೇಷವಾದ ಸ್ಥಾನವಿದೆ. ಆ ವರ್ಷದ ಏಪ್ರಿಲ್ 18ರಂದು ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಲಕ್ಸೆಂಬರ್ಗ್ ದೇಶಗಳು ಪ್ಯಾರಿಸ್ಸಿನಲ್ಲಿ ಒಪ್ಪಂದವೊಂದಕ್ಕೆ ಸಹಿ ಹಾಕಿ, ತಮ್ಮ ಕಲ್ಲಿದ್ದಲು ಮತ್ತು ಉಕ್ಕಿನ ಉದ್ಯಮಗಳನ್ನು ಒಂದೇ ಆಡಳಿತದ ಕೈಗೆ ಒಪ್ಪಿಸಿದವು. ಇಂದಿನ ಯುರೋಪಿಯನ್ ಒಕ್ಕೂಟ ಬೆಳೆದದ್ದು ಆ ಬೇರಿನಿಂದ. ಅದೇ ವರ್ಷದ ನವೆಂಬರ್ ತಿಂಗಳಲ್ಲಿ ಭಾರತದಲ್ಲಿ ತೋಟ ಕಾರ್ಮಿಕರ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಚಹಾ, ಕಾಫಿ, ರಬ್ಬರ್ ಮತ್ತು ಸಿಂಕೋನ ತೋಟಗಳಲ್ಲಿ ದುಡಿಯುವವರಿಗೆ ಮನೆ, ಔಷಧೋಪಚಾರ, ಕುಡಿಯುವ ನೀರು, ಮಕ್ಕಳ ವಿದ್ಯಾಭ್ಯಾಸ ಮುಂತಾದವನ್ನು ಮಾಲೀಕನ ಕಡ್ಡಾಯ ಹೊಣೆಯನ್ನಾಗಿ ಮಾಡಿದ ಕಾಯ್ದೆ ಅದು. ಈ ಎರಡು ದಾಖಲೆಗಳು ಬೇರೆಬೇರೆ ನೆಲದಲ್ಲಿ ಹುಟ್ಟಿದವಾದರೂ, ಬೆಲ್ಜಿಯಂ ಗಣಿಗೆ ಇಳಿದ ಇಟಲಿಯ ರೈತನ ಮಗನೂ ಅಮ್ಮತ್ತಿಯ ತೋಟಕ್ಕೆ ಬಂದ ಪಿರಿಯಾಪಟ್ಟಣದ ಕೂಲಿಯವನೂ ಎದುರಿಸಿದ ಪ್ರಶ್ನೆ ಒಂದೇ ಆಗಿತ್ತು. ತನ್ನ ನೆಲವಲ್ಲದ ನೆಲದಲ್ಲಿ ಬೆವರು ಸುರಿಸಿದವನು ಕಾಯಿಲೆ ಬಿದ್ದಾಗ, ಮುಪ್ಪಾದಾಗ, ಅವನ ಮನೆಯಲ್ಲಿ ಹೆರಿಗೆಯಾದಾಗ ಅದರ ಭಾರ ಹೊರಬೇಕಾದವರು ಯಾರು ಎಂಬುದೇ ಆ ಪ್ರಶ್ನೆ.

ಸಾಮಾಜಿಕ ಹಕ್ಕು ಎಂದರೆ ಕೂಲಿಯ ಹಣಕ್ಕೆ ಹೊರತಾಗಿ ಮನುಷ್ಯನು ಮಾನದಿಂದ ಬದುಕುವುದಕ್ಕೆ ಬೇಕಾದ ಆಸರೆಗಳನ್ನು ಯಾರದೋ ಉಪಕಾರವೆಂದಲ್ಲದೆ ಕಾನೂನಿನ ಬಲದಿಂದ ಕೇಳಿ ಪಡೆಯುವ ಅಧಿಕಾರ. ಒಂದೇ ಊರಿನಲ್ಲಿ, ಒಬ್ಬನೇ ಮಾಲೀಕನ ಕೈಕೆಳಗೆ ಜೀವಮಾನವೆಲ್ಲ ದುಡಿಯುವವನ ವಿಷಯದಲ್ಲಿ ಈ ಹಕ್ಕನ್ನು ಗೊತ್ತುಪಡಿಸುವುದು ಕಷ್ಟವಲ್ಲ. ಆದರೆ ವಲಸೆಗಾರನು ಇವತ್ತು ಇಲ್ಲಿ, ನಾಳೆ ಅಲ್ಲಿ ಇರುವವನಾದುದರಿಂದ ಅವನ ಹಕ್ಕನ್ನು ಯಾವುದಕ್ಕೆ ಕಟ್ಟಬೇಕು ಎಂಬ ತೊಡಕು ಏಳುತ್ತದೆ. ಅದನ್ನು ದುಡಿಯುವ ಜಾಗಕ್ಕೆ ಕಟ್ಟುವುದು ಒಂದು ದಾರಿ, ದುಡಿಯುವ ವ್ಯಕ್ತಿಗೆ ಕಟ್ಟುವುದು ಇನ್ನೊಂದು ದಾರಿ. ಕೊಡಗಿನ ತೋಟಗಳು ಮೊದಲನೆಯದನ್ನು ಹಿಡಿದವು, ಯುರೋಪಿನ ಆರು ದೇಶಗಳು ತಡವರಿಸುತ್ತಲೇ ಎರಡನೆಯದನ್ನು ಹಿಡಿದವು. ಎರಡರ ಫಲವೂ ಈಗ ಕಣ್ಣೆದುರಿಗಿದೆ.

ಅಮ್ಮತ್ತಿ ಇರುವುದು ದಕ್ಷಿಣ ಕೊಡಗಿನಲ್ಲಿ, ವಿರಾಜಪೇಟೆಯಿಂದ ಸಿದ್ದಾಪುರದ ಕಡೆಗೆ ಹೋಗುವ ದಾರಿಯಲ್ಲಿ. ಪಾಲಿಬೆಟ್ಟ, ಸಿದ್ದಾಪುರ, ಒಂಟಿಯಂಗಡಿ, ಕಾರ್ಮಾಡು ಮುಂತಾದ ಸುತ್ತಿನ ಊರುಗಳಂತೆ ಇದೂ ಕಾಫಿಯಿಂದಲೇ ಬೆಳೆದ ಊರು. ಬ್ರಿಟಿಷರು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಇಪ್ಪತ್ತು ವರ್ಷಗಳ ತರುವಾಯ, 1854ರಲ್ಲಿ, ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯ ಬಳಿ ಮೊದಲ ತೋಟ ತೆರೆದನು. ಮುಂದೆ ಬೆಳೆ ಪೂರ್ವದ ಬಿದಿರು ಸೀಮೆಗೆ, ಎಂದರೆ ಅಮ್ಮತ್ತಿ ಮತ್ತು ಸಿದ್ದಾಪುರಗಳ ಭಾಗಕ್ಕೆ, ಹಬ್ಬಿತು. ಕಾಡು ಕಡಿದು, ಗುಂಡಿ ತೋಡಿ, ಗಿಡ ನೆಟ್ಟು, ಕಳೆ ತೆಗೆದು, ಹಣ್ಣು ಕುಯ್ಯುವುದಕ್ಕೆ ಬೇಕಾದಷ್ಟು ಆಳುಗಳು ಕೊಡಗಿನೊಳಗೆ ಇರಲಿಲ್ಲ. ಇಲ್ಲಿನ ಮೂಲನಿವಾಸಿಗಳಾದ ಯರವರು ಹಿಂದಿನಿಂದಲೂ ಗದ್ದೆಗಳಲ್ಲಿ ಜೀತದಂತಹ ಕಟ್ಟುಪಾಡಿಗೆ ಒಳಗಾಗಿ ದುಡಿಯುತ್ತಿದ್ದವರು; ಅವರಲ್ಲಿ ಅನೇಕರು ತೋಟಗಳನ್ನು ಸೇರಿದರೂ ಸಾಕಾಗದೆ, ಮೈಸೂರು ಸೀಮೆಯ ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆಗಳಿಂದಲೂ ದಕ್ಷಿಣ ಕನ್ನಡ, ಮಲಬಾರು ಮತ್ತು ತಮಿಳು ಜಿಲ್ಲೆಗಳಿಂದಲೂ ಜನರನ್ನು ಕರೆತರಲಾಯಿತು.

ಕರೆತಂದವನು ಮೇಸ್ತ್ರಿ. ತೋಟದ ದೊರೆಯಿಂದ ಮುಂಗಡ ಪಡೆದು, ತನ್ನ ಊರಿನ ಸುತ್ತಮುತ್ತಲಿನ ಬಡ ಕುಟುಂಬಗಳಿಗೆ ಅದನ್ನು ಹಂಚಿ, ಗಂಡಸರನ್ನೂ ಹೆಂಗಸರನ್ನೂ ತಂಡ ಕಟ್ಟಿಕೊಂಡು ಘಟ್ಟ ಹತ್ತಿಸಿ, ಕೆಲಸ ಮುಗಿಯುವ ತನಕ ಅವರ ಹಾಜರಿಗೆ ಜಾಮೀನಾಗಿ ನಿಲ್ಲುತ್ತಿದ್ದವನು ಅವನು. ಮುಂಗಡ ತೆಗೆದುಕೊಂಡವರು ಕೆಲಸ ಬಿಟ್ಟು ಹೋದರೆ 1859ರ ಕರಾರು ಭಂಗದ ಕಾಯ್ದೆ ಅವರ ಮೇಲೆ ಬೀಳುತ್ತಿತ್ತು: ಮ್ಯಾಜಿಸ್ಟ್ರೇಟನು ಹಣ ಹಿಂದಿರುಗಿಸು ಇಲ್ಲವೆ ಕೆಲಸಕ್ಕೆ ಮರಳು ಎಂದು ಆಜ್ಞೆ ಮಾಡಬಹುದಾಗಿತ್ತು, ಆಜ್ಞೆ ಮೀರಿದವನಿಗೆ ಮೂರು ತಿಂಗಳವರೆಗೆ ಸೆರೆವಾಸ ವಿಧಿಸಬಹುದಾಗಿತ್ತು. ಸಾಲ ತೀರಿಸದಿರುವುದು ಇತರರ ಪಾಲಿಗೆ ದಿವಾಣಿ ವ್ಯಾಜ್ಯವಾಗಿದ್ದ ಕಾಲದಲ್ಲಿ ಕೂಲಿಯವನ ಪಾಲಿಗೆ ಮಾತ್ರ ಅದು ಅಪರಾಧವಾಗಿತ್ತು ಎಂಬುದನ್ನು ಮರೆಯಲಾಗದು. 1920ರ ದಶಕದ ನಡುವೆ ಆ ಹಳೆಯ ಕಾಯ್ದೆ ರದ್ದಾದಾಗಲೂ ಕೊಡಗಿಗೆಂದೇ 1926ರಲ್ಲಿ ಪ್ರತ್ಯೇಕ ಕಾರ್ಮಿಕ ಕಾಯ್ದೆಯನ್ನು ತಂದು, ಮುಂಗಡದ ಕರಾರಿನ ಬಿಗಿಯನ್ನು ಮುಂದಿನ ಕೆಲವು ವರ್ಷಗಳ ಕಾಲ ಉಳಿಸಿಕೊಳ್ಳಲಾಯಿತು. ಆ ಘಟ್ಟದಲ್ಲಿ ವಲಸೆಗಾರನಿಗೆ ಕಾನೂನಿನೊಂದಿಗೆ ಇದ್ದ ಸಂಬಂಧ ಇಷ್ಟೇ: ಅದು ಅವನನ್ನು ಹಿಡಿದು ತರುತ್ತಿತ್ತು, ಕಾಯುತ್ತಿರಲಿಲ್ಲ.

ಈ ವಲಸೆಯ ಗಾತ್ರವನ್ನು ಹಳೆಯ ಜನಗಣತಿಯ ಅಂಕಿಗಳೇ ತೋರಿಸುತ್ತವೆ. 1901ರಲ್ಲಿ ಕೊಡಗಿನ ಜನಸಂಖ್ಯೆ 1,80,607. ಸಾವಿರ ಗಂಡಸರಿಗೆ ಇದ್ದ ಹೆಂಗಸರು ಸುಮಾರು 800 ಮಾತ್ರ. ಇದು ಇಲ್ಲಿನ ಹುಟ್ಟು ಸಾವುಗಳಿಂದ ಆದ ಏರುಪೇರಲ್ಲ, ಹೆಂಡತಿ ಮಕ್ಕಳನ್ನು ಬಯಲುಸೀಮೆಯಲ್ಲಿ ಬಿಟ್ಟು ಬಂದ ತೋಟದ ಗಂಡಾಳುಗಳ ಲೆಕ್ಕ. ಮಲೇರಿಯಾಕ್ಕೆ ಹೆದರಿ ಅನೇಕರು ಬೇಸಿಗೆಯ ಹೊತ್ತಿಗೆ ಊರಿಗೆ ಮರಳಿ, ರಾಗಿಯ ಕೆಲಸ ಮುಗಿಸಿಕೊಂಡು ಮತ್ತೆ ಬರುತ್ತಿದ್ದರು. ಒಂದು ಶತಮಾನ ಕಳೆದು 2011ರಲ್ಲಿ ಎಣಿಸಿದಾಗ ಅದೇ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1,019 ಹೆಂಗಸರಿದ್ದರು. ಈ ಎರಡು ಅಂಕಿಗಳ ನಡುವಿನ ಅಂತರಕ್ಕೆ ಕಾರಣಗಳು ಹಲವು. ಒಂಟಿ ಗಂಡಾಳಿನ ಬದಲು ಕಾರ್ಮಿಕನು ಸಂಸಾರ ಸಮೇತ ತೋಟದಲ್ಲಿ ನೆಲೆನಿಂತದ್ದು ಅವುಗಳಲ್ಲಿ ಒಂದು. ಅವನು ನೆಲೆನಿಲ್ಲುವುದಕ್ಕೆ ಅನುವು ಮಾಡಿದವುಗಳಲ್ಲಿ 1951ರ ಕಾಯ್ದೆ ಮುಖ್ಯವಾದದ್ದು.

ಆ ಕಾಯ್ದೆ ಏಕಾಏಕಿ ಬಂದುದಲ್ಲ. ಡಿ.ವಿ. ರೇಗೆ ಅವರು ತೋಟ ಕಾರ್ಮಿಕರ ಸ್ಥಿತಿಗತಿಯನ್ನು ಕುರಿತು ನಡೆಸಿದ ವಿಚಾರಣೆಯ ವರದಿ 1946ರಲ್ಲಿ ಹೊರಬಂದಿತು. ಮರುವರ್ಷ ಸರ್ಕಾರ, ಮಾಲೀಕರು, ಕಾರ್ಮಿಕರು ಈ ಮೂರೂ ಪಕ್ಷಗಳು ಒಟ್ಟಿಗೆ ಕುಳಿತು ಚರ್ಚಿಸಿದವು. ಜಗಜೀವನ್ ರಾಮ್ ಅವರು ಕಾರ್ಮಿಕ ಸಚಿವರಾಗಿದ್ದಾಗ ಮಸೂದೆ ಕಾಯ್ದೆಯಾಯಿತು. 1954ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಇಪ್ಪತ್ತೈದು ಎಕರೆ ಅಥವಾ ಅದಕ್ಕಿಂತ ಹೆಚ್ಚಿನ, ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ತೋಟಗಳಿಗೆ ಮೊದಲು ಅನ್ವಯಿಸುತ್ತಿದ್ದ ಇದನ್ನು 1981ರ ತಿದ್ದುಪಡಿ ಐದು ಹೆಕ್ಟೇರ್ ಮತ್ತು ಹದಿನೈದು ಜನರ ಮಿತಿಗೆ ಇಳಿಸಿತು. ಕಾಯ್ದೆಯ ಒಡಲನ್ನು ಹತ್ತಿರದಿಂದ ನೋಡಿದರೆ ಅದರ ಕರ್ತೃಗಳಿಗೆ ತೋಟದ ಬದುಕಿನ ಸೂಕ್ಷ್ಮಗಳು ತಿಳಿದಿದ್ದವೆಂಬುದು ಗೊತ್ತಾಗುತ್ತದೆ. ಐವತ್ತು ಅಥವಾ ಹೆಚ್ಚು ಹೆಣ್ಣಾಳುಗಳಿರುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಮಂದಿರವಿರಬೇಕಾಗಿತ್ತು. ಆರರಿಂದ ಹನ್ನೆರಡರ ನಡುವಿನ ಮಕ್ಕಳು ಇಪ್ಪತ್ತೈದಕ್ಕಿಂತ ಹೆಚ್ಚಾದರೆ ಶಾಲೆಯ ಸೌಕರ್ಯ ಒದಗಿಸುವಂತೆ ರಾಜ್ಯ ಸರ್ಕಾರ ಮಾಲೀಕನಿಗೆ ನಿಯಮ ಮಾಡಬಹುದಾಗಿತ್ತು. ಇಪ್ಪತ್ತು ದಿನದ ದುಡಿಮೆಗೆ ಒಂದು ದಿನದಂತೆ ಸಂಬಳ ಸಹಿತ ರಜೆ ಸಲ್ಲಬೇಕಾಗಿತ್ತು. ಕಾಯಿಲೆಯ ಕಾಲದಲ್ಲಿ ಭತ್ಯೆ ಸಿಗಬೇಕಾಗಿತ್ತು. ಮಳೆ ಚಳಿಗಳಿಂದ ಕಾರ್ಮಿಕರನ್ನು ಕಾಪಾಡಲು ಛತ್ರಿ, ಕಂಬಳಿ, ಮಳೆಯಂಗಿಗಳನ್ನು ಎಷ್ಟು, ಯಾವ ಬಗೆಯವು ಕೊಡಬೇಕೆಂದು ರಾಜ್ಯ ಸರ್ಕಾರ ಗೊತ್ತುಪಡಿಸಬಹುದೆಂಬ ವಿಧಿಯೂ ಅದರಲ್ಲಿತ್ತು. ಆಷಾಢದಲ್ಲಿ ದಿನವಿಡೀ ಹುಯ್ಯುವ ಮಳೆಯಲ್ಲಿ ಇಳಿಜಾರಿನ ಮೇಲೆ ನಿಂತು ಗೊಬ್ಬರ ಹಾಕುವ ಹೆಂಗಸಿಗೆ ಆ ಕಂಬಳಿ ಎಂತಹ ಹಕ್ಕು ಎಂಬುದನ್ನು ಕೊಡಗಿನ ಮಳೆ ಕಂಡವರಿಗೆ ವಿವರಿಸಬೇಕಾಗಿಲ್ಲ.

ಎಲ್ಲಕ್ಕಿಂತ ಮಹತ್ವದ್ದು ಮನೆ. ತೋಟದ ಒಂದು ಮಗ್ಗುಲಲ್ಲಿ, ಒಂದೇ ಉದ್ದನೆಯ ಸೂರಿನ ಕೆಳಗೆ ಗೋಡೆಗೆ ಗೋಡೆ ಹೊಂದಿಸಿ ಸಾಲಾಗಿ ಕಟ್ಟಿದ ಕೋಣೆಗಳಿಗೆ ಕೊಡಗಿನಲ್ಲಿ ಲೈನ್‌ಮನೆ ಎನ್ನುತ್ತಾರೆ. ಹಿಂದೆ ಮಾಲೀಕನ ಅನುಕೂಲಕ್ಕಾಗಿ, ಆಳುಗಳು ಕೈಗೆ ಸಿಗುವಷ್ಟು ದೂರದಲ್ಲಿರಲೆಂದು ಕಟ್ಟಿದ ಈ ಸಾಲುಮನೆಯನ್ನು 1951ರ ಕಾಯ್ದೆ ಕಾರ್ಮಿಕನ ಹಕ್ಕಾಗಿ ಮಾರ್ಪಡಿಸಿತು. ಮನೆ ಕುಸಿದು ಯಾರಾದರೂ ಸತ್ತರೆ ಅಥವಾ ಗಾಯಗೊಂಡರೆ ಮಾಲೀಕನೇ ಪರಿಹಾರ ತೆರಬೇಕೆಂಬ ಅಂಶವನ್ನು 1981ರಲ್ಲಿ ಸೇರಿಸಲಾಯಿತು. ಹೆಣ್ಣಾಳಿನ ಕುಟುಂಬಕ್ಕೂ ಗಂಡಾಳಿನ ಕುಟುಂಬಕ್ಕೂ ಇದ್ದ ವ್ಯತ್ಯಾಸವನ್ನು ತೆಗೆದುಹಾಕಿ, ಅವಲಂಬಿತರಿಗೆ ಸಿಗುವ ಸೌಲಭ್ಯಗಳು ಇಬ್ಬರ ಮನೆಯವರಿಗೂ ಸಮನಾಗಿ ಸಲ್ಲುವಂತೆ ಮಾಡಿದ್ದು 2010ರ ತಿದ್ದುಪಡಿ; ಹಣ್ಣು ಕುಯ್ಯುವುದರಿಂದ ಹಿಡಿದು ಕಣದಲ್ಲಿ ಕಾಫಿ ಹರಡುವವರೆಗೆ ಹೆಂಗಸರ ದುಡಿಮೆಯ ಮೇಲೆಯೇ ನಿಂತಿರುವ ಉದ್ಯಮದಲ್ಲಿ ಇಷ್ಟಕ್ಕೆ ಸುಮಾರು ಅರುವತ್ತು ವರ್ಷ ಹಿಡಿಯಿತು.

ಆದರೂ ಈ ಹಕ್ಕಿನ ದೋಷ ಅದರ ಹುಟ್ಟಿನಲ್ಲಿಯೇ ಇತ್ತು. ಲೈನ್‌ಮನೆ ಸಿಗುವುದು ಆ ತೋಟದ ಆಳಿಗೆ. ಆ ತೋಟದ ಕೆಲಸ ತಪ್ಪಿದ ದಿನ ಮನೆಯೂ ತಪ್ಪುತ್ತದೆ. ಹೊರಗಿನಿಂದ ಬಂದು ದುಡಿಯುವವನು ತೋಟದೊಳಗೆ ಮನೆ ಕೇಳಬೇಕಾದರೆ ಅದೇ ತೋಟದಲ್ಲಿ ಎಡೆಬಿಡದೆ ಆರು ತಿಂಗಳು ದುಡಿದಿರಬೇಕೆಂಬ ಷರತ್ತು 1981ರ ತಿದ್ದುಪಡಿಯಲ್ಲಿತ್ತು. ಪೀಳಿಗೆಗಳ ಕಾಲ ಲೈನ್‌ಮನೆಯಲ್ಲಿ ಬಾಳಿದವನಿಗೂ ಅವನದೆನ್ನುವ ಒಂದು ಅಂಗೈಯಗಲ ಭೂಮಿಯಿಲ್ಲ. 2016ರ ಡಿಸೆಂಬರ್ ತಿಂಗಳಲ್ಲಿ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಅರಣ್ಯಭೂಮಿಯೆಂಬ ಕಾರಣಕ್ಕೆ ಕೆಡವಿದಾಗ ನಾಡೆಲ್ಲ ಆ ಕಡೆ ತಿರುಗಿ ನೋಡಿತು. ಅಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರಲ್ಲಿ ಅನೇಕರು ತೋಟಗಳ ಲೈನ್‌ಮನೆಗಳಿಂದ ಹೊರಬಂದು ಸ್ವಂತದ ನೆಲೆ ಬೇಡಿದವರು. ಹೋರಾಟದ ನಂತರ ಅವರಿಗೆ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟಗಳಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ಅವರು ಬೇರೆ ನಾಡಿನಿಂದ ಬಂದವರಲ್ಲ, ಈ ಮಣ್ಣಿನವರೇ. ಹಕ್ಕನ್ನು ತೋಟಕ್ಕೆ ಕಟ್ಟಿದಾಗ ತನ್ನ ನಾಡಿನಲ್ಲಿಯೇ ಇರುವವನೂ ವಲಸೆಗಾರನಂತೆ ಆಗಿಬಿಡುತ್ತಾನೆ.

ಯುರೋಪು ಹಿಡಿದ ದಾರಿಯನ್ನು ಈಗ ನೋಡಬಹುದು. ಎರಡನೆಯ ಮಹಾಯುದ್ಧ ಮುಗಿದಾಗ ಬೆಲ್ಜಿಯಂ ದೇಶದಲ್ಲಿ ಕಲ್ಲಿದ್ದಲಿತ್ತು, ಗಣಿಗಿಳಿಯುವವರಿರಲಿಲ್ಲ. ಇಟಲಿಯಲ್ಲಿ ಕೆಲಸವಿಲ್ಲದ ಜನರಿದ್ದರು, ಸಾಕಷ್ಟು ಕಲ್ಲಿದ್ದಲಿರಲಿಲ್ಲ. 1946ರಲ್ಲಿ ಎರಡೂ ಸರ್ಕಾರಗಳು ಮಾಡಿಕೊಂಡ ಒಪ್ಪಂದದ ಪ್ರಕಾರ ಇಟಲಿ ಐವತ್ತು ಸಾವಿರ ಗಣಿಕಾರ್ಮಿಕರನ್ನು ಕಳುಹಿಸುವುದೆಂದೂ ಬೆಲ್ಜಿಯಂ ಕಲ್ಲಿದ್ದಲು ಒದಗಿಸುವುದೆಂದೂ ಗೊತ್ತಾಯಿತು. ಮೇಸ್ತ್ರಿ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಸರ್ಕಾರಗಳೇ ಮಾಡಿದವು. 1951ರ ಪ್ಯಾರಿಸ್ ಒಪ್ಪಂದದ 69ನೆಯ ವಿಧಿ ಪರಿಣತ ಕಲ್ಲಿದ್ದಲು ಮತ್ತು ಉಕ್ಕಿನ ಕೆಲಸಗಾರರು ಆರೂ ದೇಶಗಳಲ್ಲಿ ಕೆಲಸ ಹಿಡಿಯಬಹುದೆಂದಿತು, ಸಂಬಳ ಮತ್ತು ಕೆಲಸದ ಷರತ್ತುಗಳಲ್ಲಿ ಸ್ವದೇಶಿ ಮತ್ತು ವಲಸೆಗಾರರ ನಡುವೆ ಭೇದ ಮಾಡಬಾರದೆಂದಿತು. ಕಾಗದದ ಮೇಲಿನ ಈ ಮಾತಿಗೂ ಗಣಿಯ ಆಳಕ್ಕೂ ಎಷ್ಟು ಅಂತರವಿತ್ತೆಂಬುದು 1956ರ ಆಗಸ್ಟ್ 8ರಂದು ಬೆಲ್ಜಿಯಂನ ಮಾರ್ಸಿನೆಲ್ ಗಣಿಗೆ ಬೆಂಕಿ ಬಿದ್ದಾಗ ಲೋಕಕ್ಕೆ ತಿಳಿಯಿತು. ಸತ್ತವರು 262 ಜನ, ಅವರಲ್ಲಿ 136 ಮಂದಿ ಇಟಲಿಯವರು.

ಮರುವರ್ಷ, 1957ರ ಮಾರ್ಚ್ 25ರಂದು, ಅದೇ ಆರು ದೇಶಗಳು ರೋಮ್ ಒಪ್ಪಂದಕ್ಕೆ ಸಹಿ ಹಾಕಿ ಸಾಮಾನ್ಯ ಮಾರುಕಟ್ಟೆಯನ್ನು ಸ್ಥಾಪಿಸಿದಾಗ, ಅದರ 51ನೆಯ ವಿಧಿಯಲ್ಲಿ ವಲಸೆ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಪ್ರತ್ಯೇಕ ಏರ್ಪಾಡು ಮಾಡಬೇಕೆಂದು ಬರೆಯಲಾಯಿತು. ಆ ವಿಧಿಯನ್ನು ಕಾರ್ಯಕ್ಕೆ ತಂದವು 1958ರಲ್ಲಿ ಅಂಗೀಕೃತವಾಗಿ 1959ರ ಜನವರಿ 1ರಿಂದ ಜಾರಿಯಾದ ಮೂರನೆಯ ಮತ್ತು ನಾಲ್ಕನೆಯ ನಿಯಮಾವಳಿಗಳು. ಆರು ದೇಶಗಳ ಈ ಹೊಸ ಸಮುದಾಯ ಮಾಡಿದ ಮೊಟ್ಟಮೊದಲ ನಿಯಮಗಳ ಸಾಲಿನಲ್ಲಿಯೇ ವಲಸೆ ಕಾರ್ಮಿಕನ ವಿಷಯ ಬಂದಿತೆಂಬುದು ಗಮನಿಸಬೇಕಾದ ಸಂಗತಿ. ಹೊರಗೆ ದುಡಿಯುವ ಲಕ್ಷಾಂತರ ಪ್ರಜೆಗಳಿದ್ದ ಇಟಲಿಯ ಒತ್ತಾಯ ಅದರ ಹಿಂದಿತ್ತು. ಆ ನಿಯಮಾವಳಿಗಳ ತಿರುಳು ಮೂರು ತತ್ತ್ವಗಳಲ್ಲಿತ್ತು. ಹೊರಗಿನಿಂದ ಬಂದ ಕಾರ್ಮಿಕನಿಗೂ ದುಡಿಯುವ ದೇಶದ ಸ್ವಂತ ಕಾರ್ಮಿಕನಿಗೂ ಸಮಾನ ಉಪಚಾರ ಸಲ್ಲಬೇಕು. ಸಂಪಾದಿಸಿದ ಪಿಂಚಣಿ ಅವನು ತನ್ನ ದೇಶಕ್ಕೆ ಮರಳಿದರೂ ಅಲ್ಲಿಗೆ ಬರಬೇಕು. ಇವೆರಡಕ್ಕಿಂತ ಆಳವಾದದ್ದು ಅವಧಿಗಳ ಕೂಡಿಕೆ, ಎಂದರೆ ಬೇರೆಬೇರೆ ದೇಶಗಳಲ್ಲಿ ದುಡಿದ ಕಾಲವನ್ನೆಲ್ಲ ಒಟ್ಟುಗೂಡಿಸಿ ಹಕ್ಕನ್ನು ನಿರ್ಣಯಿಸುವ ಕ್ರಮ. ಪಿಂಚಣಿಗೆ ಹದಿನೈದು ವರ್ಷದ ದುಡಿಮೆ ಬೇಕೆನ್ನುವ ದೇಶದಲ್ಲಿ ಏಳು ವರ್ಷ, ನೆರೆಯ ದೇಶದಲ್ಲಿ ಎಂಟು ವರ್ಷ ದುಡಿದವನಿಗೆ ಎಲ್ಲಿಯೂ ಏನೂ ಸಿಗದೆ ಹೋಗುವ ಅನ್ಯಾಯ ಇದರಿಂದ ನೀಗಿತು. ಒಟ್ಟು ಅವಧಿಯಿಂದ ಹಕ್ಕು ಹುಟ್ಟಿತು, ಹಣವನ್ನು ಎರಡೂ ದೇಶಗಳು ತಮ್ಮ ತಮ್ಮ ಪಾಲಿಗೆ ತಕ್ಕಂತೆ ಹಂಚಿಕೊಂಡು ಕೊಟ್ಟವು.

ಈ ವ್ಯವಸ್ಥೆಯನ್ನು ಹೊಗಳಿ ನಿಲ್ಲಿಸುವುದು ಸರಿಯಲ್ಲ. ಬೆಳೆಯ ಕಾಲಕ್ಕೆ ಮಾತ್ರ ಬಂದು ಹೋಗುವ ಹಂಗಾಮಿ ಕೂಲಿಗಳೂ ಗಡಿ ದಾಟಿ ದಿನವೂ ಕೆಲಸಕ್ಕೆ ಹೋಗಿ ಬರುವವರೂ ಮೂಲ ನಿಯಮಾವಳಿಯ ಹೊರಗೆ ಉಳಿದಿದ್ದರು. ಅವರನ್ನು ಒಳಗೊಳ್ಳಲು 1963ರಲ್ಲಿ ಬೇರೆ ನಿಯಮಗಳು ಬೇಕಾದವು. 1961ರ ಒಪ್ಪಂದದ ಮೇರೆಗೆ ಜರ್ಮನಿಗೆ ಬಂದ ತುರ್ಕಿಯವರಂತಹ ಹೊರದೇಶಗಳ ಪ್ರಜೆಗಳಿಗೆ ಈ ಕೂಡಿಕೆಯ ನಿಯಮ ಪೂರ್ಣವಾಗಿ ವಿಸ್ತರಿಸಿದ್ದು 2003ರಲ್ಲಿ. ಗಣಿಯ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ರೋಗವನ್ನು ಬೆಲ್ಜಿಯಂ ತನ್ನ ಉದ್ಯೋಗಜನ್ಯ ರೋಗಗಳ ಪಟ್ಟಿಗೆ ಸೇರಿಸಿಕೊಂಡದ್ದು 1960ರ ದಶಕದಲ್ಲಿ. ಅಷ್ಟರೊಳಗೆ ಎಷ್ಟೋ ಜನ ಆ ರೋಗವನ್ನು ಹೊತ್ತುಕೊಂಡು ತಮ್ಮ ಹಳ್ಳಿಗಳಿಗೆ ಹಿಂದಿರುಗಿಯಾಗಿತ್ತು. ಆದರೂ ಹಕ್ಕು ಕಾರ್ಮಿಕನ ಬೆನ್ನ ಹಿಂದೆಯೇ ನಡೆದು ಬರಬೇಕು ಎಂಬ ತತ್ತ್ವ ಅಲ್ಲಿ ಒಮ್ಮೆ ನೆಲೆಯೂರಿದ ಮೇಲೆ, ಹೊರಗುಳಿದವರು ಅದನ್ನೇ ಹಿಡಿದು ಒಳಕ್ಕೆ ಬರುವುದು ಸಾಧ್ಯವಾಯಿತು.

ಮಾರ್ಸಿನೆಲ್ ದುರಂತ ನಡೆದ 1956ರಲ್ಲಿಯೇ, ನವೆಂಬರ್ 1ರಂದು, ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಅಲ್ಲಿಯವರೆಗೆ ಕೊಡಗು ತನ್ನದೇ ಶಾಸನಸಭೆ ಮತ್ತು ಸಿ.ಎಂ. ಪೂಣಚ್ಚ ಅವರ ಮುಖ್ಯಮಂತ್ರಿತ್ವವಿದ್ದ ಪ್ರತ್ಯೇಕ ರಾಜ್ಯವಾಗಿತ್ತು. ಹೀಗಾಗಿ ಪಿರಿಯಾಪಟ್ಟಣದಿಂದ ಅಮ್ಮತ್ತಿಗೆ ಬರುತ್ತಿದ್ದ ಕೂಲಿಯವನು ಅಕ್ಟೋಬರ್ ತಿಂಗಳಲ್ಲಿ ರಾಜ್ಯದ ಗಡಿ ದಾಟುತ್ತಿದ್ದನು, ನವೆಂಬರ್ ತಿಂಗಳಲ್ಲಿ ದಾಟುತ್ತಿರಲಿಲ್ಲ. ಅವನ ದಾರಿಯೂ ಕೂಲಿಯೂ ಬಿಡಾರವೂ ಮಾತ್ರ ಇದ್ದ ಹಾಗೆಯೇ ಇದ್ದವು. ಮುಂದೆ 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂದಾಗ ಅದು ರಾಜ್ಯದ ಗಡಿ ದಾಟಿ, ಗುತ್ತಿಗೆದಾರನ ಮೂಲಕ ಬಂದವರಿಗೆ ಮಾತ್ರ ಅನ್ವಯಿಸಿತು. ಭಾವಚಿತ್ರವಿರುವ ಪಾಸ್‌ಬುಕ್, ಹೋಗಿಬರುವ ಖರ್ಚು, ತಿಂಗಳ ಕೂಲಿಯ ಅರ್ಧದಷ್ಟು ಸ್ಥಳಾಂತರ ಭತ್ಯೆ, ವಾಸಕ್ಕೆ ಬಿಡಾರ, ಉಚಿತ ಚಿಕಿತ್ಸೆ ಇವೆಲ್ಲ ಅದರಲ್ಲಿದ್ದರೂ, ಅಣ್ಣನೋ ಭಾವನೋ ಫೋನು ಮಾಡಿ ಕರೆದನೆಂದು ರೈಲು ಹತ್ತಿ ಬರುವವರಿಗೆ ಅದು ದಕ್ಕಲಿಲ್ಲ.

ಇಂದು ಅಮ್ಮತ್ತಿಯ ಸುತ್ತಿನ ತೋಟಗಳಲ್ಲಿ ರೊಬಸ್ಟ ಹಣ್ಣು ಕುಯ್ಯುವ ಕಾಲಕ್ಕೆ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ಗಳಿಂದ ಬಂದವರ ಮಾತು ಕೇಳಿಸುತ್ತದೆ. ಹಣ್ಣಿನ ತೂಕಕ್ಕೆ ತಕ್ಕ ಕೂಲಿಗೆ ಒಂದು ತೋಟದಲ್ಲಿ ಕುಯ್ದು ಮುಗಿಸಿ, ಪಕ್ಕದ ತೋಟದಲ್ಲಿ ಕಾಳುಮೆಣಸು ಇಳಿಸಿ, ಮತ್ತೊಂದು ಕಡೆ ನೆರಳುಮರಗಳ ಕೊಂಬೆ ಸವರುವ ಮರಗಸಿಗೆ ಹೋಗುವ ಇವರ ಕೆಲಸ ವರ್ಷವಿಡೀ ಇರುತ್ತದೆ, ಮಾಲೀಕ ಮಾತ್ರ ಬದಲಾಗುತ್ತಿರುತ್ತಾನೆ. ಕೊಡಗಿನ ಬಹುಪಾಲು ಬೆಳೆಗಾರರು ಸಣ್ಣ ಹಿಡುವಳಿಯವರಾದುದರಿಂದ ಅನೇಕ ತೋಟಗಳು ಐದು ಹೆಕ್ಟೇರಿನ ಮಿತಿಯ ಕೆಳಗೇ ಉಳಿಯುತ್ತವೆ. ಬೆಲೆ ಏರಿಳಿತಕ್ಕೆ ಸಿಕ್ಕಿದ ಸಣ್ಣ ಬೆಳೆಗಾರನ ಮೇಲೆ ಆಸ್ಪತ್ರೆ, ಶಾಲೆಗಳ ಭಾರ ಹೊರಿಸುವುದು ನ್ಯಾಯವಲ್ಲ. ಆದರೆ ಅವನ ತೋಟ ಚಿಕ್ಕದೆಂಬ ಕಾರಣಕ್ಕೆ ಅಲ್ಲಿ ದುಡಿದವಳ ದಿನಗಳು ಲೆಕ್ಕಕ್ಕೆ ಸಿಗದೆ ಹೋಗುವುದೂ ನ್ಯಾಯವಲ್ಲ.

ಈ ಅನ್ಯಾಯ ಎಲ್ಲಿ ಕುಳಿತಿದೆ ಎಂಬುದು ಹೆರಿಗೆ ಭತ್ಯೆಯ ಕಾನೂನನ್ನು ಓದಿದರೆ ಸ್ಪಷ್ಟವಾಗುತ್ತದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆ ತೋಟಗಳಿಗೂ ಅನ್ವಯಿಸುತ್ತಿತ್ತು. 2017ರಿಂದ ಅದರಡಿ ಇಪ್ಪತ್ತಾರು ವಾರಗಳ ಸಂಬಳ ಸಹಿತ ರಜೆಗೆ ಅವಕಾಶವಾಯಿತು. ಅದನ್ನು ಪಡೆಯಬೇಕಾದರೆ ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ, ಯಾವ ಮಾಲೀಕನಿಂದ ಭತ್ಯೆ ಕೇಳುತ್ತಾಳೋ ಆ ಮಾಲೀಕನ ಕೆಳಗೆ ಎಂಬತ್ತು ದಿನವಾದರೂ ಅವಳು ದುಡಿದಿರಬೇಕು. ಒಂದು ತೋಟದಲ್ಲಿ ಎಪ್ಪತ್ತು ದಿನ, ಇನ್ನೊಂದರಲ್ಲಿ ಎಪ್ಪತ್ತು, ಮೂರನೆಯದರಲ್ಲಿ ಅರುವತ್ತು, ಹೀಗೆ ಇನ್ನೂರು ದಿನ ದುಡಿದ ಬಸುರಿಗೆ ಕಾನೂನಿನ ಕಣ್ಣಿನಲ್ಲಿ ಒಬ್ಬ ಮಾಲೀಕನಿಂದಲೂ ಬರಬೇಕಾದುದಿಲ್ಲ. ನಿವೃತ್ತಿ ಕಾಲದ ಇಡಿಗಂಟಾದ ಗ್ರಾಚ್ಯುಟಿಯ ಕಥೆಯೂ ಇದೇ: 1972ರ ಕಾಯ್ದೆ ಒಬ್ಬನೇ ಮಾಲೀಕನಲ್ಲಿ ಐದು ವರ್ಷಗಳ ಸತತ ಸೇವೆಯನ್ನು ಕೇಳಿತು. ಕಲ್ಲಿದ್ದಲ ಗಣಿಗಳ ಯುರೋಪು 1958ರಲ್ಲಿ ಬಿಡಿಸಿದ ಗಂಟು ಇದೇ ತಾನೆ.

ಅದನ್ನು ಬಿಡಿಸುವುದು ಭಾರತಕ್ಕೆ ಅಸಾಧ್ಯವೇನೂ ಅಲ್ಲ. ಭವಿಷ್ಯನಿಧಿಯ ಸದಸ್ಯನಿಗೆ 2014ರಿಂದ ಕೊಡಲಾಗುತ್ತಿರುವ ಏಕರೂಪ ಖಾತೆ ಸಂಖ್ಯೆ, ಮಾಲೀಕ ಬದಲಾದರೂ ಬದಲಾಗದೆ ಕಾರ್ಮಿಕನ ಜೊತೆಯಲ್ಲಿಯೇ ಸಾಗುತ್ತದೆ. ಬೇರೆಬೇರೆ ಕಡೆಯ ಸೇವೆ ಅದರಲ್ಲಿ ಕೂಡುತ್ತದೆ. ಒಂದು ದೇಶ ಒಂದು ಪಡಿತರ ಚೀಟಿಯ ಯೋಜನೆಯಿಂದ ಅಸ್ಸಾಮಿನ ಚೀಟಿಗೆ ಕೊಡಗಿನ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ದೊರೆಯುವ ಅವಕಾಶ ಉಂಟಾಗಿದೆ. 2021ರಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯೂ ವ್ಯಕ್ತಿಗೆ ಅಂಟಿದ್ದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು 1951ರ ಮತ್ತು 1979ರ ಕಾಯ್ದೆಗಳ ಜಾಗದಲ್ಲಿ ನಿಂತು, ಗುತ್ತಿಗೆದಾರನಿಲ್ಲದೆ ತಾನಾಗಿಯೇ ಬಂದವನನ್ನೂ ಅಂತರರಾಜ್ಯ ವಲಸೆ ಕಾರ್ಮಿಕನೆಂದು ಒಪ್ಪಿಕೊಂಡಿವೆ. ನಲವತ್ತಾರು ವರ್ಷಗಳ ಕೊರತೆ ಇದರಿಂದ ತುಂಬಿತು. ಹಾಗಿದ್ದೂ ಹತ್ತು ಮಂದಿಗಿಂತ ಕಡಿಮೆ ವಲಸೆಗಾರರಿರುವ ಕಡೆ ವಲಸೆಗಾರರ ಅಧ್ಯಾಯ ತಲುಪುವುದಿಲ್ಲ, ತೋಟಕ್ಕೆ ಐದು ಹೆಕ್ಟೇರಿನ ಮಿತಿ ಹಾಗೆಯೇ ಇದೆ, ಹೆರಿಗೆ ಭತ್ಯೆಗೆ ಒಬ್ಬ ಮಾಲೀಕನಲ್ಲಿ ಎಂಬತ್ತು ದಿನವೆಂಬ ಷರತ್ತು ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಮುಂದುವರಿದಿದೆ. ವಲಸೆ ಕಾರ್ಮಿಕರ ಗುರುತಿನ ಚೀಟಿಯ ನಕಲನ್ನು ತೆಗೆದಿಟ್ಟುಕೊಳ್ಳುವ ರೂಢಿ ತೋಟಗಳಲ್ಲಿ ಈಗಾಗಲೇ ಬಂದಿದೆ, ತೋಟದ ಗುಮಾಸ್ತನಾದ ರೈಟರ ಹಾಜರಿ ಪುಸ್ತಕದಲ್ಲಿ ದಿನದಿನದ ಹೆಸರೂ ಇದೆ. ಆ ಹಾಜರಿಯ ದಿನಗಳು ತೋಟದಿಂದ ತೋಟಕ್ಕೆ ಕಾರ್ಮಿಕಳ ಹೆಸರಿನಲ್ಲಿ ಒಂದೇ ಖಾತೆಯಲ್ಲಿ ಕೂಡುವಂತೆ ಮಾಡಿ, ಅವಳನ್ನು ದುಡಿಸಿಕೊಂಡ ಬೆಳೆಗಾರರೆಲ್ಲ ಸರ್ಕಾರದ ನೆರವಿನೊಂದಿಗೆ ತಮ್ಮ ಪಾಲನ್ನು ಒಂದು ನಿಧಿಗೆ ಹಾಕುವ ಏರ್ಪಾಡು ಆಗಬೇಕು. ಅದರ ಮೊದಲ ಹೆಜ್ಜೆ, ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಎಂಬತ್ತು ದಿನದ ಷರತ್ತು ಹಾಕಿರುವ ಉಪವಿಧಿಯ ತಿದ್ದುಪಡಿ.